ನಗರದ ರೈತಕೂಟಗಳು ಮತ್ತು ಜವಾಬ್ದಾರಿ ಸರ್ಕಾರದ ಪ್ರಶ್ನೆ

ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಬಹುಜನರ ಆಳ್ವಿಕೆ ಎಂದು ರಾಜ್ಯಪದ್ಧತಿಗಳನ್ನು ವಿಂಗಡಿಸುವ ಕ್ರಮ ಗ್ರೀಕ್ ದಾರ್ಶನಿಕ ಅರಿಸ್ಟಾಟಲನ ಕಾಲದಿಂದಲೂ ನಡೆದು ಬಂದಿದೆ. ವಿದ್ಯಾರ್ಥಿಗಳು ಪೌರನೀತಿಯ ಪಾಠವನ್ನು ಈ ವಿಂಗಡಣೆಯಿಂದಲೇ ಆರಂಭಿಸುತ್ತಾರೆ. ಆದರೆ ಒಂದು ರಾಜ್ಯದ ನಿಜಸ್ವರೂಪವನ್ನು ಅರಿಯಲು ಇದಕ್ಕಿಂತ ಸರಳವಾದ ಮತ್ತು ಕಠಿಣವಾದ ಒರೆಗಲ್ಲೊಂದುಂಟು. ತನ್ನ ಮೇಲೆ ಹೇರಿದ ತೆರಿಗೆ ಅನ್ಯಾಯವೆಂದು ಪ್ರಜೆಗೆ ತೋರಿದಾಗ ಅವನು ಎಲ್ಲಿಗೆ ಹೋಗಬೇಕು? ಅವನ ಮಾತನ್ನು ಯಾರು ಕೇಳಬೇಕು? ಕೇಳಿದವನು ಅದರಂತೆ ನಡೆಯದಿದ್ದರೆ ಪ್ರಜೆಗೆ ಉಳಿಯುವ ದಾರಿ ಯಾವುದು? ಶಿವಮೊಗ್ಗದ ಸೀಮೆಯ ರೈತರು 1830ರಲ್ಲಿ ಎತ್ತಿದ ಪ್ರಶ್ನೆ ಇದೇ ಆಗಿತ್ತು. ಅದಕ್ಕೆ ದೊರೆತ ಉತ್ತರದ ಕಥೆ ಆ ವರ್ಷದಲ್ಲಿ ಮುಗಿಯದೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಸಾಗುತ್ತದೆ.

ಇಲ್ಲಿ ನಗರವೆಂದರೆ ಬಿದನೂರು. ಕೆಳದಿಯ ನಾಯಕರ ಕೊನೆಯ ರಾಜಧಾನಿಯಾಗಿದ್ದ ಈ ಪಟ್ಟಣವನ್ನು 1763ರಲ್ಲಿ ಹೈದರಲಿಯು ವಶಪಡಿಸಿಕೊಂಡು ಹೈದರನಗರವೆಂದು ಕರೆದನು. ಮುಂದೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಶಿವಮೊಗ್ಗೆಯೂ ಸುತ್ತಣ ಮಲೆನಾಡೂ ಸೇರಿದ ವಿಶಾಲ ಪ್ರಾಂತವೇ ನಗರದ ಫೌಜುದಾರಿ ಎನಿಸಿತು. ವೀರಶೈವ ಅರಸುಮನೆತನವೊಂದು ಎರಡೂವರೆ ಶತಮಾನಕ್ಕೂ ಮೀರಿ ಆಳಿದ ನೆಲವಿದು. ಆ ಮನೆತನದ ಶಿವಪ್ಪನಾಯಕನ ಹೆಸರಿನಲ್ಲಿ ಶಿವಮೊಗ್ಗದಲ್ಲಿ ಅರಮನೆಯೊಂದನ್ನು ತೋರಿಸುತ್ತಾರೆ. ಆದರೆ 1645ರಿಂದ 1660ರವರೆಗೆ ಆಳಿದ ಈ ದೊರೆಯ ಕೀರ್ತಿ ಕಲ್ಲುಮರದ ಕಟ್ಟಡದಲ್ಲಿಲ್ಲ, ಕಂದಾಯದ ಕಡತದಲ್ಲಿದೆ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯನ್ನು ಆಯ್ದು, ಸರ್ಕಾರದ ವತಿಯಿಂದಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಇಳುವರಿ, ಧಾರಣೆಗಳ ಲೆಕ್ಕವಿಡಿಸಿ, ಅದರ ಸರಾಸರಿಯ ಮೇಲೆ ಉತ್ಪನ್ನದ ಮೂರನೆಯ ಒಂದು ಪಾಲನ್ನು ರಾಜಭಾಗವೆಂದು ಗೊತ್ತುಪಡಿಸಿದನೆಂದು ಪರಂಪರೆ ಹೇಳುತ್ತದೆ. ಇದೇ ಪ್ರಸಿದ್ಧವಾದ ಶಿಸ್ತು. ಮುಂದಿನವರು ಇದರ ಮೇಲೆ ಬೇರೆ ಬೇರೆ ಪಟ್ಟಿಗಳನ್ನು ಏರಿಸಿದರೂ ಮಲೆನಾಡಿನ ರೈತನ ಮನಸ್ಸಿನಲ್ಲಿ ನ್ಯಾಯವಾದ ತೆರಿಗೆಗೆ ಅಳತೆಗೋಲಾಗಿ ಶಿಸ್ತೇ ಉಳಿಯಿತು. ಕೊಡಬೇಕಾದುದು ಇಷ್ಟು, ಇದಕ್ಕಿಂತ ಹೆಚ್ಚು ಕೇಳಿದರೆ ಅದು ಅನ್ಯಾಯ ಎಂದು ಹೇಳಲು ಅವನಿಗೆ ಆಧಾರವೊಂದಿತ್ತು. ಶಿಸ್ತನ್ನು ಗೊತ್ತುಪಡಿಸುವಾಗ ರೈತನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನೂ ಮರೆಯಲಾಗದು. ಅದು ದೊರೆಯ ವಿವೇಕದಿಂದ ಬಂದ ನ್ಯಾಯ. ದೊರೆ ಬದಲಾದರೆ ವಿವೇಕವೂ ಬದಲಾಗಬಹುದಾಗಿತ್ತು.

ಬದಲಾದದ್ದೂ ಹಾಗೆಯೇ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಒಡೆಯರ ಮನೆತನಕ್ಕೆ ರಾಜ್ಯವನ್ನು ಹಿಂದಿರುಗಿಸಿ, ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳ ಪೊಗದಿಯನ್ನು ವಿಧಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಅಧಿಕಾರ ವಹಿಸಿಕೊಂಡ ಮೇಲಿನ ವರ್ಷಗಳಲ್ಲಿ ಶರತ್ತು ಎಂಬ ಪದ್ಧತಿ ಬೇರೂರಿತು. ತನ್ನ ತಾಲ್ಲೂಕಿನಿಂದ ಇಷ್ಟು ಹಣ ತರುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆಯಾದರೆ ಅವನೇ ತುಂಬಬೇಕು, ಹೆಚ್ಚಾದರೆ ಅದು ಸರ್ಕಾರಕ್ಕೆ. ಇಂತಹ ಒಪ್ಪಂದಕ್ಕೆ ಒಳಪಟ್ಟ ಅಧಿಕಾರಿ ಮಳೆ ಹೋದ ವರ್ಷದಲ್ಲಿ ಯಾರ ಕಡೆ ನೋಡುವನೆಂಬುದನ್ನು ವಿವರಿಸಬೇಕಾಗಿಲ್ಲ. ಮೇಲಾಗಿ ನಗರದ ಫೌಜುದಾರಿಯು ಬಹುಕಾಲ ಒಂದೇ ಅಧಿಕಾರಿಪಕ್ಷದ ಕೈಯಲ್ಲಿದ್ದು, ಬಳಿಕ ವೀರರಾಜೇ ಅರಸಿನವರು ಫೌಜುದಾರರಾಗಿ ಬಂದಾಗ ಹಿಂದೆ ಕೊಟ್ಟ ಮಾಫಿಗಳು ಪ್ರಶ್ನೆಗೊಳಗಾಗಿ ಹಳೆಯ ಬಾಕಿಗಳ ವಸೂಲಿ ಮೊದಲಾಯಿತು. ಅಧಿಕಾರ ಕಳೆದುಕೊಂಡ ಪಕ್ಷದವರು ಈ ಅಸಮಾಧಾನಕ್ಕೆ ಗಾಳಿ ಹಾಕಿದುದೂ ನಿಜ. ಅದಷ್ಟರಿಂದಲೇ ಕಿಡಿ ಹುಟ್ಟಿತೆನ್ನುವುದು ಮಾತ್ರ ಅಂದಿನ ಅಧಿಕಾರವರ್ಗಕ್ಕೆ ಅನುಕೂಲವಾದ ವ್ಯಾಖ್ಯಾನ.

1830ರಲ್ಲಿ ತಾಲ್ಲೂಕು ತಾಲ್ಲೂಕುಗಳ ರೈತರು ತಮ್ಮ ಪಟೇಲರೊಡನೆ ಒಂದೆಡೆ ನೆರೆದರು. ಕಂದಾಯ ಕಟ್ಟುವುದನ್ನು ನಿಲ್ಲಿಸಿದರು. ಒಂದು ಸೀಮೆಯವರು ಇನ್ನೊಂದು ಸೀಮೆಯವರಿಗೆ ಓಲೆ ಬರೆದು ಕರೆದರು. ಈ ನೆರವಿಗೆ ಅವರು ಕೊಟ್ಟ ಹೆಸರು ಕೂಟ. ಇಂಗ್ಲಿಷ್ ವರದಿಗಳಲ್ಲಿಯೂ ಅದೇ ಶಬ್ದ ಉಳಿದುಕೊಂಡಿದೆ. ಇದು ಮೊದಲಿಗೆ ಆಯುಧ ಹಿಡಿದವರ ದಂಡಾಗಿರಲಿಲ್ಲ. ನಮ್ಮ ಅಹವಾಲನ್ನು ಕೇಳುವವರೆಗೆ ಹಣ ಕೊಡೆವು ಎಂದು ಒಟ್ಟಾಗಿ ಕುಳಿತ ಸಭೆಯಾಗಿತ್ತು. ಇಂತಹ ಸಭೆಗೆ ರಾಜ್ಯಪದ್ಧತಿಯಲ್ಲಿ ಯಾವ ಸ್ಥಾನವೂ ಇರಲಿಲ್ಲವಾದ್ದರಿಂದ ಅದನ್ನು ದಂಗೆಯೆಂದು ಕರೆಯುವುದು ಸುಲಭವಾಯಿತು, ಕರೆದ ಮೇಲೆ ಅದು ದಂಗೆಯೇ ಆಯಿತು.

ಆ ಹೊತ್ತಿಗೆ ಕಾಣಿಸಿಕೊಂಡವನು ಬೂದಿ ಬಸವಪ್ಪ. ಸಾದರ ಮಲ್ಲನೆಂಬುದು ಇವನ ಪೂರ್ವದ ಹೆಸರು. ಕೆಳದಿಯ ಅರಸರ ಮುದ್ರೆಗಳು ಜಂಗಮರೊಬ್ಬರ ಬಳಿ ಉಳಿದಿದ್ದು ಅವರಿಂದ ಇವನ ಕೈಸೇರಿದುವೆಂದೂ, ಅವುಗಳ ಬಲದಿಂದ ತಾನು ಕೆಳದಿಯ ವಂಶದವನೆಂದು ಹೇಳಿಕೊಂಡನೆಂದೂ ತಿಳಿದುಬರುತ್ತದೆ. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪನಾಯಕನೂ ಇವನೊಡನೆ ಸೇರಿದನು. ಬಸವಪ್ಪನ ವಂಶದ ಮಾತು ನಿಜವೋ ಸುಳ್ಳೋ ಎಂಬ ಚರ್ಚೆಯಲ್ಲಿಯೇ ಇತಿಹಾಸಕಾರರು ಕಾಲ ಕಳೆದಿದ್ದಾರೆ. ಅದಕ್ಕಿಂತ ಮುಖ್ಯವಾದುದು ರೈತರಿಗೆ ಅವನು ಏಕೆ ಬೇಕಾದನೆಂಬುದು. 1763ರಲ್ಲಿ ಮುಗಿದುಹೋದ ಅರಸುತನದ ಹೆಸರನ್ನು 67 ವರ್ಷಗಳ ಬಳಿಕ ಅವರು ಎತ್ತಿ ಹಿಡಿದದ್ದು ಶಿಸ್ತಿನ ನೆನಪಿನಿಂದ. ನ್ಯಾಯ ಬೇಕೆಂದರೆ ನ್ಯಾಯವಂತ ದೊರೆ ಬೇಕು ಎಂಬುದನ್ನು ಬಿಟ್ಟು ಬೇರೆ ರಾಜಕೀಯ ಭಾಷೆ ಅವರ ಬಳಿ ಇರಲಿಲ್ಲ.

ಇದನ್ನು ಹಿಂದುಳಿದ ಬುದ್ಧಿಯೆಂದು ತಳ್ಳಿಹಾಕುವವರು ಅಮೆರಿಕದ ವೃತ್ತಾಂತವನ್ನು ಗಮನಿಸಬೇಕು. 1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸ್ಟಾಂಪ್ ಕಾಯಿದೆಯನ್ನು ವಿಧಿಸಿದಾಗ ಅಲ್ಲಿಯ ವಸಾಹತುಗಾರರು ಎತ್ತಿದ ಆಕ್ಷೇಪಣೆ, ತಮ್ಮ ಪ್ರತಿನಿಧಿಗಳಿಲ್ಲದ ಸಭೆ ತಮ್ಮ ಮೇಲೆ ತೆರಿಗೆ ಹಾಕಬಾರದೆಂಬುದು. ಪಾರ್ಲಿಮೆಂಟು ಸಾಮ್ರಾಜ್ಯದ ಎಲ್ಲ ಪ್ರಜೆಗಳನ್ನೂ ಪ್ರತಿನಿಧಿಸುತ್ತದೆ, ಆದ್ದರಿಂದ ಮತವಿಲ್ಲದವರಿಗೂ ಅದರಲ್ಲಿ ಪ್ರಾತಿನಿಧ್ಯವುಂಟು ಎಂಬುದು ಲಂಡನ್ನಿನ ಸಮಾಧಾನ. ಹಾಗಿದ್ದೂ ಹತ್ತು ವರ್ಷಕಾಲ ವಸಾಹತುಗಾರರು ದೊರೆಯನ್ನು ದೂರಲಿಲ್ಲ. ಮಂತ್ರಿಗಳು ಕೆಟ್ಟವರು, ದೊರೆ ಒಳ್ಳೆಯವನು ಎಂದೇ ನಂಬಿದರು. 1775ರ ಜುಲೈಯಲ್ಲಿ, ಯುದ್ಧ ಮೊದಲಾದ ಮೇಲೂ, ಮೂರನೆಯ ಜಾರ್ಜ್ ದೊರೆಗೆ ವಿನಯಪೂರ್ವಕವಾದ ಬಿನ್ನವತ್ತಳೆಯನ್ನು ಕಳುಹಿಸಿದರು. ದೊರೆತನವೇ ತಪ್ಪೆಂದು ಥಾಮಸ್ ಪೇನ್ ತನ್ನ ಕಿರುಹೊತ್ತಗೆಯಲ್ಲಿ ವಾದಿಸಿದುದು 1776ರ ಜನವರಿಯಲ್ಲಿ. ಸ್ವಾತಂತ್ರ್ಯ ಘೋಷಣೆ ಅದೇ ವರ್ಷದ ಜುಲೈಯಲ್ಲಿ. ಬೋಸ್ಟನ್ನಿನ ವರ್ತಕನೂ ನಗರದ ರೈತನೂ ಮೊದಲು ಅರಸಿದುದು ಒಳ್ಳೆಯ ದೊರೆಯನ್ನೇ. ಅವರಿಬ್ಬರ ನಡುವಣ ವ್ಯತ್ಯಾಸ ಬೇರೆಡೆ ಇದೆ. ವಸಾಹತುಗಳಲ್ಲಿ ಚುನಾಯಿತ ಶಾಸನಸಭೆಗಳು ಮೊದಲೇ ಇದ್ದುವು. ದೊರೆಯಲ್ಲಿ ನಂಬಿಕೆ ಹೋದಾಗ ಜನರಿಗೆ ಕೂಡಲು ಸಿದ್ಧವಾದ ಸ್ಥಳವಿತ್ತು. ನಗರದವರಿಗೆ ಅಂತಹ ಸ್ಥಳ ಇರಲಿಲ್ಲ.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳಬಹುದು. 1830ರ ಡಿಸೆಂಬರಿನಲ್ಲಿ ಮಹಾರಾಜರೇ ಚನ್ನರಾಯಪಟ್ಟಣದವರೆಗೆ ದಂಡು ನಡೆಸಿದರು. ಕೂಟಗಳ ಮೇಲೆ ಕಠಿಣ ಶಿಕ್ಷೆಗಳು ನಡೆದುವು. ಅದರಿಂದ ಜನ ಮತ್ತಷ್ಟು ಕೆರಳಿದರು. ಕೊನೆಗೆ ಕರ್ನಲ್ ಇವಾನ್ಸನ ಕೈಕೆಳಗಣ ಕಂಪನಿಯ ಸೇನೆ ಶಿವಮೊಗ್ಗೆಯನ್ನು ನೆಲೆಯಾಗಿಟ್ಟುಕೊಂಡು ಸಾಗಿ 1831ರ ಜೂನಿನಲ್ಲಿ ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯಂತೆ ಮೈಸೂರಿನ ಆಡಳಿತ ಕಂಪನಿಯ ಕೈಸೇರಿತು. ದಂಗೆಯ ಕಾರಣಗಳನ್ನು ಅರಿಯಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಇವರ ಸಮಿತಿ ವರದಿ ಒಪ್ಪಿಸಿದುದು 1833ರ ಡಿಸೆಂಬರಿನಲ್ಲಿ. ಎಂದರೆ ತೀರ್ಪು ಮೊದಲಾಯಿತು, ವಿಚಾರಣೆ ಆಮೇಲೆ ನಡೆಯಿತು. ಶಿವಮೊಗ್ಗೆ ನಗರ ವಿಭಾಗದ ಆಡಳಿತಕೇಂದ್ರವಾಯಿತು. ಬಿದನೂರು ಹಿಂದೆ ಸರಿದು ಶಿವಮೊಗ್ಗೆ ಮುಂದೆ ಬಂದ ಕಥೆಯ ಹಿಂದೆ ಈ ದಂಗೆಯೂ ಇದೆ.

ರೈತರು ಗೆದ್ದರೋ ಸೋತರೋ? ಶರತ್ತು ಪದ್ಧತಿ ಹೋಯಿತು, ಅನೇಕ ಕಿರುಕುಳದ ಸುಂಕಗಳು ಕಾಲಕ್ರಮದಲ್ಲಿ ರದ್ದಾದುವು. ಆದರೆ ಕೂಟವು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆಳುವವನು ಬದಲಾದನು, ಆಳುವ ರೀತಿಯಲ್ಲಿ ರೈತನ ಸ್ಥಾನ ಬದಲಾಗಲಿಲ್ಲ. ಮಹಾರಾಜರ ಬದಲು ಕಮಿಷನರು ಬಂದರು. ಕಮಿಷನರು ಕಲ್ಕತ್ತೆಗೆ ಲೆಕ್ಕ ಒಪ್ಪಿಸಬೇಕಿತ್ತೇ ಹೊರತು ಶಿವಮೊಗ್ಗೆಗೆ ಅಲ್ಲ.

ಇದೇ ಬಗೆಯ ರೈತರ ಬಂಡಾಯವೊಂದು ಸ್ವತಂತ್ರ ಅಮೆರಿಕದಲ್ಲಿಯೂ ನಡೆಯಿತೆಂಬುದು ನಮ್ಮವರಿಗೆ ಅಷ್ಟಾಗಿ ತಿಳಿಯದು. ಯುದ್ಧಾನಂತರ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಸಾಲ ತೀರಿಸಲು ಭಾರವಾದ ತೆರಿಗೆ ವಿಧಿಸಿತು. ನಗದು ಹಣವಿಲ್ಲದ ಪಶ್ಚಿಮಭಾಗದ ರೈತರು ಸಾಲಕ್ಕೂ ತೆರಿಗೆಗೂ ಸಿಕ್ಕಿ ಹೊಲಮನೆ ಕಳೆದುಕೊಳ್ಳತೊಡಗಿದರು. ಅವರು ಮೊದಲು ಊರೂರುಗಳಲ್ಲಿ ಸಭೆ ಸೇರಿ ಅರ್ಜಿ ಬರೆದರು. ಫಲ ಕಾಣದೆ 1786ರಲ್ಲಿ ಗುಂಪುಗೂಡಿ ನ್ಯಾಯಾಲಯಗಳ ಕಲಾಪವನ್ನು ತಡೆದರು. ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ್ದ ಡೇನಿಯಲ್ ಶೇಸ್ ಮುಂತಾದವರ ನಾಯಕತ್ವದಲ್ಲಿ 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಆಯುಧಾಗಾರದ ಮೇಲೆ ನಡೆದರು. ನಾಲ್ವರು ಸತ್ತರು, ಗುಂಪು ಚದುರಿತು. ಆಯುಧದಲ್ಲಿ ಅವರು ನಗರದ ರೈತರಂತೆಯೇ ಸೋತರು. ಆದರೆ ಕೆಲವೇ ವಾರಗಳಲ್ಲಿ ಚುನಾವಣೆ ಬಂದಿತು. ದಂಡು ಕಳುಹಿಸಿದ್ದ ಗವರ್ನರ್ ಬೌಡಿನ್ ಭಾರಿ ಅಂತರದಿಂದ ಸೋತು ಜಾನ್ ಹ್ಯಾನ್‌ಕಾಕ್ ಆರಿಸಿ ಬಂದನು. ತೆರಿಗೆ ಇಳಿಯಿತು, ಬಂಡುಗಾರರಲ್ಲಿ ಬಹುಮಂದಿಗೆ ಕ್ಷಮೆ ದೊರೆಯಿತು. ಈ ಬಂಡಾಯದಿಂದ ಬೆದರಿದ ಪ್ರಮುಖರು ಅದೇ ವರ್ಷದ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಫಿಲಡೆಲ್ಫಿಯದಲ್ಲಿ ಕುಳಿತು ರಾಜ್ಯಾಂಗವನ್ನು ರಚಿಸಿದರು. ಅದರಲ್ಲಿ ತೆರಿಗೆಯ ಮಸೂದೆಗಳು ಜನ ನೇರವಾಗಿ ಆರಿಸಿದ ಕೆಳಮನೆಯಲ್ಲಿಯೇ ಹುಟ್ಟಬೇಕೆಂಬ ವಿಧಿ ಸೇರಿತು. ಹೆದರಿಕೆಯಿಂದ ಹುಟ್ಟಿದ ರಾಜ್ಯಾಂಗವೂ ಜನರ ಥೈಲಿಯ ಕೀಲಿಯನ್ನು ಜನರ ಮನೆಗೇ ಕೊಡಬೇಕಾಯಿತು.

ಈ ಹೋಲಿಕೆಯನ್ನು ಓದುವಾಗ ಶರಣಸಾಹಿತ್ಯದ ಅಭ್ಯಾಸಿಗಳಿಗೆ ಅನುಭವ ಮಂಟಪದ ನೆನಪಾಗುವುದು ಸಹಜ. ಅದರ ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವೇ. ಮಂಟಪವನ್ನು ಜಗತ್ತಿನ ಮೊದಲ ಪಾರ್ಲಿಮೆಂಟೆಂದು ಹೇಳುವ ವಾಡಿಕೆ ಬೆಳೆದಿದೆ. ಅಭಿಮಾನದ ಮಾತಾಗಿ ಇದು ಒಪ್ಪತಕ್ಕದ್ದು. ಆದರೆ ಪಾರ್ಲಿಮೆಂಟಿನ ಜೀವಾಳ ತೆರಿಗೆ ವಿಧಿಸುವ ಮತ್ತು ನಿರಾಕರಿಸುವ ಅಧಿಕಾರ. ಮಂಟಪವು ಅದನ್ನು ಬಯಸಿದುದೂ ಇಲ್ಲ, ಪಡೆದುದೂ ಇಲ್ಲ. ಅಲ್ಲಿ ಮಡಿವಾಳನೂ ಅಂಬಿಗನೂ ದೊರೆಯ ಮಂತ್ರಿಯೂ ಸಮಾನರಾಗಿ ಕುಳಿತು ಪ್ರಶ್ನಿಸಿದರೆಂಬುದೇ ಅದರ ಹಿರಿಮೆ. ಆ ಹಿರಿಮೆಗೆ ಪಾರ್ಲಿಮೆಂಟಿನ ಹೆಸರು ಬೇಕಿಲ್ಲ. ರಾಜ್ಯಶಾಸ್ತ್ರದ ದೃಷ್ಟಿಗೆ ಹೆಚ್ಚು ಹತ್ತಿರವಾದುದು ಬಸವಣ್ಣನವರ ಭಂಡಾರದ ಕಥೆ. ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ವ್ಯಯಿಸುತ್ತಿರುವರೆಂದು ದೂರು ಬಂದಾಗ ಬಿಜ್ಜಳನ ಮುಂದೆ ಅವರು ಲೆಕ್ಕ ಒಪ್ಪಿಸಿದರು, ಲೆಕ್ಕ ಸರಿಯಾಗಿತ್ತು ಎಂದು ಪುರಾಣಗಳು ಹಾಡುತ್ತವೆ. ಅಧಿಕಾರಸ್ಥನು ಲೆಕ್ಕ ಕೊಡಬೇಕೆಂಬ ತತ್ತ್ವ ಅಲ್ಲಿದೆ. ಲೆಕ್ಕ ಕೇಳುವವನು ಮಾತ್ರ ದೊರೆ.

ಮೈಸೂರಿನಲ್ಲಿ ಪ್ರಜೆಯ ಮುಂದೆ ಲೆಕ್ಕ ಓದುವ ಪದ್ಧತಿ ಬಂದುದು 1881ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಮಂದಿ ಭೂಮಾಲೀಕರನ್ನೂ ವರ್ತಕರನ್ನೂ ಮೈಸೂರಿನಲ್ಲಿ ನೆರೆಯಿಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಿವಾನರು ಸಂಸ್ಥಾನದ ಆದಾಯವ್ಯಯಗಳನ್ನು ಓದುವರು, ಸದಸ್ಯರು ತಮ್ಮ ಸೀಮೆಯ ಅಹವಾಲುಗಳನ್ನು ಹೇಳುವರು. ಮತ ಹಾಕುವ ಹಕ್ಕಿಲ್ಲ, ತಡೆಯುವ ಅಧಿಕಾರವಿಲ್ಲ. 1891ರಲ್ಲಿ ಚುನಾವಣೆಯ ನಿಯಮಗಳು ಬಂದರೂ ಮತದಾರರು ಉಳ್ಳವರಾಗಿಯೇ ಉಳಿದರು. ಹೀಗಿದ್ದರೂ ಈ ಸಭೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಐವತ್ತು ವರ್ಷಗಳ ಹಿಂದೆ ದಂಗೆಯೆನಿಸಿದ್ದ ಕೆಲಸ, ಎಂದರೆ ತಾಲ್ಲೂಕಿನವರು ಕೂಡಿ ಸರ್ಕಾರದ ಮುಂದೆ ದೂರು ಹೇಳುವುದು, ಇಲ್ಲಿ ದಸರೆಯ ಮರ್ಯಾದೆಯನ್ನು ಪಡೆಯಿತು.

1923ರಲ್ಲಿ ಇನ್ನೊಂದು ಹೆಜ್ಜೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ವರ್ಷದ ಶಾಸನದಿಂದ ಪ್ರತಿನಿಧಿ ಸಭೆಗೆ ಕಾಯಿದೆಯ ಆಧಾರ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದು ನಿಯಮವಾಯಿತು. 1831ರಿಂದ ಲೆಕ್ಕ ಹಾಕಿದರೆ 92 ವರ್ಷ. ಅದೇ ವರ್ಷದ ಜನವರಿಯಲ್ಲಿ, ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಉರಿಯತೊಡಗಿತು. ಮಲೆನಾಡಿನ ಕಾಡಿನ ಇದ್ದಿಲು, ಬಾಬಾಬುಡನ್ ಬೆಟ್ಟದ ಅದಿರು, ಸಂಸ್ಥಾನದ ಬೊಕ್ಕಸದ ಹಣ ಇವು ಮೂರೂ ಸೇರಿ ಎದ್ದ ಕಾರ್ಖಾನೆಯದು. ಬೊಕ್ಕಸದ ಹಣವೆಂದರೆ ಬಹುಮಟ್ಟಿಗೆ ರೈತನ ಕಂದಾಯ. ಅದನ್ನು ಕುಲುಮೆಗೆ ಹಾಕುವ ನಿರ್ಧಾರಕ್ಕೆ ಯಾವ ಸಭೆಯ ಸಮ್ಮತಿಯೂ ಅಗತ್ಯವಿರಲಿಲ್ಲ. ಮೊದಲ ವರ್ಷಗಳಲ್ಲಿ ನಷ್ಟ ಬಂದಾಗ ಬಿಳಿಯಾನೆಯೆಂಬ ಟೀಕೆ ಎದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಅದನ್ನು ಸರಿದಾರಿಗೆ ತಂದುದು ಪ್ರಸಿದ್ಧ ಸಂಗತಿ. ಕಾರ್ಖಾನೆ ಸಾವಿರಾರು ಮಂದಿಗೆ ಅನ್ನ ಕೊಟ್ಟಿತು, ನಿರ್ಧಾರ ಒಳ್ಳೆಯದೇ ಆಗಿತ್ತು. ಆದರೆ ಶಿವಪ್ಪನಾಯಕನ ಶಿಸ್ತಿನಂತೆ ಅದೂ ಮೇಲಿನಿಂದ ಬಂದ ವಿವೇಕ. ಒಳ್ಳೆಯ ಸರ್ಕಾರಕ್ಕೂ ಜವಾಬ್ದಾರಿ ಸರ್ಕಾರಕ್ಕೂ ಇರುವ ಅಂತರ ಮೈಸೂರಿನಲ್ಲಿ ಸ್ಪಷ್ಟವಾಗಿ ಕಂಡಂತೆ ಬೇರೆಡೆ ಕಾಣುವುದು ಅಪರೂಪ. ಮಾದರಿ ಸಂಸ್ಥಾನವೆಂಬ ಹೊಗಳಿಕೆಯೇ ಆ ಅಂತರವನ್ನು ಬಹುಕಾಲ ಮುಚ್ಚಿತ್ತು.

ಅಮೆರಿಕದ ಹೊಗಳಿಕೆಯೂ ಅಷ್ಟೇ ಎಚ್ಚರದಿಂದ ಆಗಬೇಕು. ಎಲ್ಲರೂ ಸಮಾನರೆಂದು ಸಾರಿದ ನಾಡು, ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿತು. ಗುಲಾಮಗಿರಿ ಅಳಿದುದು 1865ರಲ್ಲಿ, ಅದೂ ಅಂತರ್ಯುದ್ಧದ ರಕ್ತದಿಂದ. ಮತದಾನದಲ್ಲಿ ಸ್ತ್ರೀಪುರುಷ ಭೇದವನ್ನು ನಿಷೇಧಿಸುವ ತಿದ್ದುಪಡಿ ರಾಜ್ಯಾಂಗಕ್ಕೆ ಸೇರಿದುದು 1920ರಲ್ಲಿ.

ಜವಾಬ್ದಾರಿ ಎಂಬ ಮಾತು ಮಲೆನಾಡಿನ ಹಳ್ಳಿಯವರೆಗೆ ಇಳಿದುದಕ್ಕೆ 1942ರ ಈಸೂರೇ ಸಾಕ್ಷಿ. ಅಲ್ಲಮರ ಮತ್ತು ಅಕ್ಕನ ತಾಲ್ಲೂಕಿನದೇ ಆದ ಈ ಊರಿನವರು ಸೆಪ್ಟೆಂಬರಿನಲ್ಲಿ ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜವೇರಿಸಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಕಂದಾಯ ನಿಲ್ಲಿಸಿದರು. ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ಫಲಕ ಹಾಕಿದರು. ಹುಡುಗನಿಗೆ ಅಮಲ್ದಾರಿಕೆ ಕೊಟ್ಟದ್ದು ನಗೆಯಾಟದಂತೆ ಕಂಡೀತು. ಆದರೆ ಊರು ಕೊಟ್ಟರೆ ಹುಡುಗನಿಗೂ ಅಧಿಕಾರ, ಕೊಡದಿದ್ದರೆ ಅಮಲ್ದಾರನಿಗೂ ಇಲ್ಲ ಎಂಬ ಅರ್ಥ ಅದರಲ್ಲಿ ಅಡಗಿತ್ತು. ಬೂದಿ ಬಸವಪ್ಪನ ಕಾಲದವರಿಗೆ ಹೊಳೆಯದಿದ್ದ ಮಾತಿದು. ಈ ಬಾರಿ ಯಾವ ಅರಸುವಂಶದ ಮುದ್ರೆಯೂ ಬೇಕಾಗಲಿಲ್ಲ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಹತರಾದರು. ಅವರೂ ಈ ನಾಡಿನ ಮನೆಗಳ ಮಕ್ಕಳೇ. ಬಳಿಕ ಊರು ಪೊಲೀಸರ ಮತ್ತು ಸೈನಿಕರ ಕೈಯಲ್ಲಿ ಪಡಬಾರದ ಪಾಡು ಪಟ್ಟಿತು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರು ಗಲ್ಲಿಗೇರಿದರು.

1947ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾದಾಗಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವಿರಲಿಲ್ಲ. ಸೆಪ್ಟೆಂಬರಿನ ಮೈಸೂರು ಚಲೋ ಚಳವಳಿಯ ನಂತರ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. 1950ರ ಭಾರತ ಸಂವಿಧಾನದ 265ನೆಯ ಅನುಚ್ಛೇದ, ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು ವಿಧಿಸಿತು. ಕಾನೂನು ಮಾಡುವವರನ್ನು ಆರಿಸುವ ಹಕ್ಕು ಪ್ರಾಯಕ್ಕೆ ಬಂದ ಎಲ್ಲರದಾಯಿತು. ಕೂಟಗಳ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಇಲ್ಲಿ ಪೂರ್ಣವಾಯಿತು.

ಆದರೆ ಸರ್ಕಾರಕ್ಕೆ ಕಂದಾಯ ಕೊಡುವವನು ಒಡೆಯ, ಒಡೆಯನಿಗೆ ಗೇಣಿ ಕೊಡುವವನು ಒಕ್ಕಲು. ಈ ಎರಡನೆಯವನ ಮಾತು 1830ರ ಕೂಟಗಳಲ್ಲಿ ಎಷ್ಟು ಕೇಳಿತ್ತೋ ಸಂಶಯ, 1881ರ ಸಭೆಯಲ್ಲಂತೂ ಕೇಳಿರಲಿಲ್ಲ. ಗೇಣಿ ಅಳೆಯುವ ಕೊಳಗದ ಗಾತ್ರದ ವ್ಯಾಜ್ಯದಿಂದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಒಕ್ಕಲುಗಳ ಸತ್ಯಾಗ್ರಹ ಮೊದಲಾಯಿತು. ಎಚ್. ಗಣಪತಿಯಪ್ಪನವರ ಮುಂದಾಳುತನದ ಆ ಹೋರಾಟಕ್ಕೆ ಸಮಾಜವಾದಿ ಪಕ್ಷ ಬೆಂಬಲವಾಗಿ ನಿಂತಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ ಮತ್ತು ಹೊಸನಗರ ಸೀಮೆಯ ಮತದಾರರು ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ ಬದರಿನಾರಾಯಣ ಅಯ್ಯಂಗಾರರನ್ನು ಬಿಟ್ಟು, ಆ ಸತ್ಯಾಗ್ರಹದಲ್ಲಿ ತೊಡಗಿದ್ದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಮ್ಯಾಸಚೂಸೆಟ್ಸಿನ ರೈತರು 1787ರಲ್ಲಿ ಮಾಡಿದ ಕೆಲಸ ಇದೇ. 1831ರ ಜೂನಿನಲ್ಲಿ ಕಂಪನಿಯ ಸೇನೆಗೆ ಬಿದ್ದ ಬಿದನೂರು ನಗರ ಹೊಸನಗರ ತಾಲ್ಲೂಕಿನ ಒಂದು ಊರು. ಗೇಣಿಪದ್ಧತಿ ರದ್ದಾಗಿ ಉಳುವವನಿಗೆ ಭೂಮಿ ಸೇರುವ ಶಾಸನ ಜಾರಿಗೆ ಬಂದುದು ಇನ್ನೂ 22 ವರ್ಷಗಳ ಬಳಿಕ, 1974ರ ಮಾರ್ಚ್ 1ರಂದು.